ಭಾವನ ಪಾಲಿನ ಎಳೆತ

ನಿಧಾನಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಭಾವ ಇಟ್ಟದ್ದು. ಅಕ್ಕನ ಮದುವೆಯಾದ ಹೊಸತರಲ್ಲಿ, ಮೀಸೆ ಚಿಗುರುವ ವಯಸ್ಸಿನಲ್ಲಿ, ಭಾವನ ತಾಮ್ರದ ಶೆಡ್ಡಿಗೆ ಕೆಲಸ ಕಲಿಯಲು ಹೋದವನು ಮೊದಲ ದಿನ ಒಂದೇ ಒಂದು ತಿರುಪು ಬಿಚ್ಚಲು ಬೆಳಗಿನಿಂದ ಊಟದ ಹೊತ್ತಿನವರೆಗೆ ತೆಗೆದುಕೊಂಡ. "ನಿನಗೆ ನಿಧಾನಪ್ಪ ಅಂತ ಹೆಸರಿಡಬೇಕಿತ್ತು ಕಣೋ" ಎಂದರು ಭಾವ. ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಹೆಸರು ಅಂಟಿಕೊಂಡಿತು. ಈಗ ಅರವತ್ತು ದಾಟಿದೆ. ಅವನ ನಿಜವಾದ ಹೆಸರು ಹೇಳಿ ಕೂಗಿದರೆ ಅವನೇ ತಿರುಗಿ ನೋಡುವುದಿಲ್ಲ.

ಭಾವ ತಾಮ್ರದ ಮೇಸ್ತ್ರಿ. ತಗಡನ್ನು ಬಡಿದು, ಬಗ್ಗಿಸಿ, ಬೆಸೆದು ಮನೆಮನೆಗೆ ಬಿಸಿನೀರಿನ ಟ್ಯಾಂಕು ಮಾಡುತ್ತಿದ್ದರು. ಸೊಂಟದ ಮಟ್ಟಕ್ಕೆ ನಿಲ್ಲುವ, ಗುಂಡನೆಯ, ಬೆಸುಗೆ ಎಲ್ಲಿದೆ ಎಂದು ಹುಡುಕಬೇಕಾದಂಥ ಟ್ಯಾಂಕುಗಳು. ಅದರ ನೆತ್ತಿಯಲ್ಲಿ ಒಂದು ಬಾಯಿ. ಬಾಯಿಗೆ ಬೆಸೆದ ಒಂದು ಹಿತ್ತಾಳೆ ಬಳೆ. ಆ ಬಳೆಯೊಳಕ್ಕೆ ತಿರುಗಿಸಿ ಕೂರಿಸುವ ಕರೆಂಟಿನ ಕಾಯಿಲ್. ನೀರೊಳಗೆ ಮುಳುಗಿ ಕುಳಿತು ಅದನ್ನು ಕಾಯಿಸುವುದು ಆ ಕಾಯಿಲ್‌ನ ಕೆಲಸ. ಅದನ್ನು ಕೂರಿಸುವುದು ನಿಧಾನಪ್ಪನ ಕೆಲಸ.

ಅವನು ದೊಡ್ಡ ಸ್ಪ್ಯಾನರ್ ಹಾಕಿ ಬಿಗಿದು "ಆಯ್ತು ಭಾವ" ಎನ್ನುತ್ತಿದ್ದ. ಭಾವ ಕೈ ಒರೆಸಿಕೊಳ್ಳುತ್ತ ಬಂದು, "ಇದು ನನ್ನ ಪಾಲಿಂದು" ಎಂದು ಮೇಲೊಂದು ಎಳೆತ ಎಳೆಯುತ್ತಿದ್ದರು. ಮೊದಮೊದಲು ಅದು ಕಲಿಯುವವನ ಕೆಲಸ ಪರೀಕ್ಷಿಸುವ ಕ್ರಮವಾಗಿತ್ತು. ಆದರೆ ನಿಧಾನಪ್ಪನಿಗೆ ರೋಷ. ಭಾವ ಅತ್ತ ಹೋದದ್ದೇ ತಡ ಇವನು ಗುಟ್ಟಾಗಿ ಇನ್ನೊಂದು ಎಳೆಯುತ್ತಿದ್ದ. ಭಾವನಿಗೆ ಅದು ತಿಳಿಯದೆ ಇರುತ್ತದೆಯೇ? ಟ್ಯಾಂಕು ಗಾಡಿಗೇರುವ ಮುಂಚೆ ಅವರದು ಮತ್ತೊಂದು. ವರ್ಷಗಳು ಕಳೆದಂತೆ ರೋಷ ಹೋಗಿ ಆಟವಾಯಿತು, ಆಟ ಹೋಗಿ ಪದ್ಧತಿಯಾಯಿತು. ಇಬ್ಬರ ಪಾಲೂ ಬೀಳದೆ ಒಂದು ಟ್ಯಾಂಕೂ ಶೆಡ್ಡಿನ ಬಾಗಿಲು ದಾಟಲಿಲ್ಲ. ಸಾಲದ್ದಕ್ಕೆ, ತಿರುಪಿನ ಥ್ರೆಡ್ಡಿಗೆ ಗ್ರೀಸಾಗಲಿ ಲೇಪವಾಗಲಿ ಹಚ್ಚಲು ಭಾವ ಬಿಡುತ್ತಿರಲಿಲ್ಲ. "ಲೇಪ ಹಚ್ಚೋದು ಕೈಲಾಗದವನ ಕೆಲಸ. ಲೋಹಕ್ಕೆ ಲೋಹ ಕೂರಬೇಕು, ಗಂಡ ಹೆಂಡಿರ ಹಾಗೆ" ಎನ್ನುತ್ತಿದ್ದರು. "ಹಾಗಂದ್ರೆ ಆಮೇಲೆ ಬಿಡಿಸೋಕೇ ಆಗಲ್ಲ ಅಂತಲೋ?" ಎಂದು ಅಕ್ಕ ಒಳಗಿನಿಂದ ಕೇಳುತ್ತಿದ್ದಳು.

ಬಿಡಿಸಲು ಆಗಲಿಲ್ಲ. ಆ ಕಡೆಯದು ಗಡಸು ನೀರು. ಕಾಯಿಲ್ ಒಂದಲ್ಲ ಒಂದು ದಿನ ಸುಣ್ಣ ಕಟ್ಟಿ ಸುಟ್ಟುಹೋಗುತ್ತದೆ. ಹಳೆಯದನ್ನು ತಿರುಗಿಸಿ ತೆಗೆದು ಹೊಸದು ಹಾಕಬೇಕು. ಇವರಿಬ್ಬರು ಬಿಗಿದ ಕಾಯಿಲ್‌ಗಳು ಮಾತ್ರ ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಆ ಹೊತ್ತಿಗೆ ಗೋಡೆಗೆ ನೇತುಹಾಕುವ ಗೀಸರ್‌ಗಳು ಬಂದು ಭಾವನ ಶೆಡ್ಡು ಮುಚ್ಚಿತ್ತು. ನಿಧಾನಪ್ಪ ಚೀಲ ಹಿಡಿದು ರಿಪೇರಿಗೆ ಮನೆಮನೆ ತಿರುಗುತ್ತಿದ್ದ. ಹೊಸ ಹುಡುಗರು ಬೆವರೊರೆಸಿಕೊಳ್ಳುತ್ತ ಅವನಿಗೇ ಫೋನ್ ಮಾಡುತ್ತಿದ್ದರು.

"ಮೇಸ್ತ್ರೀ, ಇಲ್ಲೊಂದು ಹಳೇ ತಾಮ್ರದ ಟ್ಯಾಂಕು. ಯಾವ ಪುಣ್ಯಾತ್ಮ ಬಿಗಿದನೋ, ಅವನ ಕೈಗೆ ಕಜ್ಜಿ ಹತ್ತ!"

"ಬರ್ತೀನಿ ಇರಪ್ಪ" ಎನ್ನುತ್ತಿದ್ದ ನಿಧಾನಪ್ಪ. ಆ ಪುಣ್ಯಾತ್ಮ ಯಾರೆಂದು ಹೇಳುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಅವನ ವಿಷಯದಲ್ಲಿ ಅದು ಅಕ್ಷರಶಃ ನಿಜವಾಗಿತ್ತು. ಅರ್ಧ ಆಯುಷ್ಯ ಬಿಗಿದ, ಉಳಿದರ್ಧ ಬಿಗಿದದ್ದನ್ನು ಬಿಚ್ಚಿ ಉಂಡ.

ಬಿಚ್ಚುವುದರಲ್ಲಿ ಅವನದೇ ಒಂದು ಕ್ರಮವಿತ್ತು. ಬೇರೆಯವರು ಮೊದಲು ಟ್ಯಾಂಕಿನ ನೀರು ಖಾಲಿ ಮಾಡುತ್ತಾರೆ. ಇವನು ತುಂಬಿಸುತ್ತಿದ್ದ. ಖಾಲಿ ಟ್ಯಾಂಕು ಹಸಿದವನ ಹೊಟ್ಟೆಯ ಹಾಗೆ, ಅದುಮಿದರೆ ಒಳಕ್ಕೆ ಹೋಗುತ್ತದೆ. ನೀರಿದ್ದರೆ ಒಳಗಿನಿಂದ ಆತುಕೊಂಡಿರುತ್ತದೆ. ಬಳೆಯ ಸುತ್ತ ಎಣ್ಣೆ ಬಿಡುವುದು, ಸಣ್ಣ ಉರಿಯಲ್ಲಿ ಬಳೆಯನ್ನಷ್ಟೇ ಬೆಚ್ಚಗೆ ಮಾಡುವುದು, ಸ್ಪ್ಯಾನರಿನ ತುದಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು. ಬಿಚ್ಚುವ ಮುಂಚೆ ಒಂದು ಕೂದಲೆಳೆಯಷ್ಟು ಬಿಗಿಯುವುದು. ಅಲುಗಿತು ಅನ್ನಿಸಿದ ಕೂಡಲೇ ನಿಲ್ಲಿಸಿ, ಎಣ್ಣೆ ಬಿಟ್ಟು, ಮನೆಗೆ ಹೋಗುವುದು. ಮಿಕ್ಕದ್ದು ಮಾರನೆಯ ದಿನ. ಅವಸರದವರು ಅವನನ್ನು ಕರೆಯುತ್ತಿರಲಿಲ್ಲ; ಅವಸರ ಮಾಡಿ ಟ್ಯಾಂಕು ಹರಿದುಕೊಂಡವರು ಕರೆಯುತ್ತಿದ್ದರು, ಆಗ ಮಾಡುವುದಕ್ಕೇನೂ ಉಳಿದಿರುತ್ತಿರಲಿಲ್ಲ. ಹೀಗೆ ಒಂದೊಂದಾಗಿ ಭಾವನ ಟ್ಯಾಂಕುಗಳೆಲ್ಲ ಗುಜರಿಗೆ ಹೋದವು. ಅವನಿಗೆ ತಿಳಿದಂತೆ ಉಳಿದದ್ದು ಒಂದೇ, ಅಕ್ಕನ ಮನೆಯ ಬಚ್ಚಲಿನದು.

ಭಾವನಿಗೆ ಪಾರ್ಶ್ವವಾಯು ಬಡಿದದ್ದು ಹಿಂದಿನ ವರ್ಷ. ಬಲಭಾಗ ಬಿತ್ತು, ಮಾತು ಹೋಯಿತು. ಬಲಗೈ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿತು. ಯಾರು ಬಿಡಿಸಲು ಹೋದರೂ ಬೆರಳು ಬಿಡುತ್ತಿರಲಿಲ್ಲ. ಒಂದು ಸಂಜೆ ಅಕ್ಕ ಸ್ನಾನಕ್ಕೆಂದು ಗಾಲಿಕುರ್ಚಿಯಲ್ಲಿ ಬಚ್ಚಲಿಗೆ ಕರೆದೊಯ್ದಾಗ ಅವರ ಮುಷ್ಟಿ ಬಿಸಿಯಾಗಿದ್ದ ಟ್ಯಾಂಕಿಗೆ ತಗುಲಿತು. ಅಕ್ಕ ತೆಗೆಯಲು ಹೋದರೆ ಭಾವ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಕಿರುಬೆರಳು ಸಡಿಲವಾಯಿತು, ಆಮೇಲೆ ಅದರ ಪಕ್ಕದ್ದು. ಕೊನೆಗೆ ಇಡೀ ಅಂಗೈ ತಾಮ್ರದ ಮೇಲೆ ಚಪ್ಪಟೆಯಾಗಿ ಕೂತಿತು. ಅಂದಿನಿಂದ ಪ್ರತಿ ಸಂಜೆ ಅದೇ ಕ್ರಮ.

"ಮಿಕ್ಕ ಹೊತ್ತೆಲ್ಲ ಎಲ್ಲೋ ಇರ್ತಾರೆ ಕಣೋ" ಎಂದಿದ್ದಳು ಅಕ್ಕ. "ಆ ಹೊತ್ತಲ್ಲಿ ಮಾತ್ರ ಮನೇಲಿ ಇರ್ತಾರೆ."

ಕಾಯಿಲ್ ಸುಟ್ಟುಹೋದ ಮೇಲೆ ಅದು ನಿಂತಿತು. ಅಕ್ಕ ಒಲೆಯ ಮೇಲೆ ನೀರು ಕಾಯಿಸಿ ಬಿಸಿ ಬಟ್ಟೆ ಸುತ್ತಿದಳು, ಬಿಸಿನೀರಿನ ಚೀಲ ಇಟ್ಟಳು. ಭಾವ ಎಡಗೈಯಿಂದ ತಳ್ಳಿದರು. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಚಮಚ ತುಟಿಗೆ ತಂದರೆ ಬಾಯಿ ಬಿಡುವುದಿಲ್ಲ. ಡಾಕ್ಟರು ಬಂದು ನೋಡಿ, ಬೆರಳು ಹೀಗೇ ಬಿಟ್ಟರೆ ಹಾಗೇ ಕೂತುಬಿಡುತ್ತದೆ, ಅದಕ್ಕಿಂತ ಹೆಚ್ಚಾಗಿ ಇವರು ತಿನ್ನಬೇಕು ಎಂದು ಹೇಳಿ ಹೋದರು. ಅಕ್ಕ ತಮ್ಮನಿಗೆ ಫೋನ್ ಮಾಡಿದಳು.

"ಹೆಂಗಾದ್ರೂ ಮಾಡಿ ಅದನ್ನ ಬಿಚ್ಚಿಕೊಡೋ. ಟ್ಯಾಂಕಿಗೆ ಏನೂ ಆಗಬಾರದು."

"ಅದನ್ನ ಬಿಗಿದದ್ದು ಯಾರು ಅಂತ ನೆನಪಿದೆಯಾ ಅಕ್ಕ?"

"ನೆನಪಿಲ್ಲದೆ ಏನು? ಮನೆಗೆ ಅಂತ ಮಾಡಿದ್ದು ಅಂದುಕೊಂಡು ಇಬ್ಬರೂ ಹುಚ್ಚರ ಥರ ಎಳೆದಿದ್ರಿ. ನೀವಿಬ್ಬರು ಸೇರಿ ಮಾಡಿದ ಪಾಪ, ಒಬ್ಬನೇ ಕಳಿ ಈಗ."

ಅಕ್ಕನ ಮಗಳು ಮಹಡಿಯ ಮೇಲೆ ಸಂಸಾರ ಹೂಡಿದ್ದಾಳೆ. ಆಫೀಸಿಗೆ ಹೋಗುವವಳು, ಅಪ್ಪನನ್ನು ಎತ್ತಿ ಕೂರಿಸುವುದು, ಔಷಧಿ ತರುವುದು ಎಲ್ಲ ಅವಳೇ. ನಿಧಾನಪ್ಪ ಚೀಲ ಹೊತ್ತು ಬಂದಾಗ ಹಜಾರದಲ್ಲಿ ದೊಡ್ಡದೊಂದು ರಟ್ಟಿನ ಡಬ್ಬ ನಿಂತಿತ್ತು.

"ಗೀಸರ್ ಮಾವ" ಎಂದಳು, ತಪ್ಪು ಮಾಡಿದವಳಂತೆ. "ನೀವು ಪ್ರಯತ್ನ ಮಾಡಿ. ಆಗಲಿಲ್ಲ ಅಂದ್ರೆ ಇರಲಿ ಅಂತ. ನೀರಾದ್ರೂ ಬಿಸಿ ಇರಬೇಕಲ್ಲ."

"ಇರಲಿ ಬಿಡಮ್ಮ. ಹೆಣ್ಣು ನೋಡೋಕೆ ಬಂದವರು ಹೊರಗೆ ಕಾಯ್ತಾ ಕೂತಹಾಗೆ ಕೂತಿರಲಿ."

ಬಚ್ಚಲು ಕಿರಿದು. ಒಂದೇ ಕಿಟಕಿ, ಅದರ ಕೆಳಗೆ ಮರದ ದಿಮ್ಮಿಯ ಮೇಲೆ ಟ್ಯಾಂಕು. ಕಪ್ಪಾಗಿತ್ತು. ಆದರೆ ಒಂದು ಕಡೆ, ಕುರ್ಚಿಯಲ್ಲಿ ಕುಳಿತವರ ಕೈ ತಾಗುವ ಎತ್ತರದಲ್ಲಿ, ಅಂಗೈಯಗಲ ಜಾಗ ಉಜ್ಜಿದಂತೆ ಹೊಳೆಯುತ್ತಿತ್ತು. ನಿಧಾನಪ್ಪ ಅದನ್ನು ನೋಡಿ ಬೇರೆ ಕಡೆ ತಿರುಗಿದ.

ಮೊದಲ ದಿನ ಅವನು ಸ್ಪ್ಯಾನರ್ ತೊಡಿಸಲೇ ಇಲ್ಲ. ಟ್ಯಾಂಕು ತುಂಬಿಸಿದ, ಎಣ್ಣೆ ಬಿಟ್ಟ, ಬಳೆಯನ್ನು ಬೆಚ್ಚಗೆ ಮಾಡಿ ತಟ್ಟಿದ, ಹೊರಟ. ಎರಡನೆಯ ದಿನವೂ ಅಷ್ಟೇ. ಆದರೆ ಅಂದು ತಟ್ಟುತ್ತಿರುವಾಗ ಅಕ್ಕ ಓಡಿಬಂದಳು.

"ತಿರುಗಿದ್ರು ಕಣೋ! ಸುತ್ತಿಗೆ ಸದ್ದಿಗೆ ಈ ಕಡೆ ತಿರುಗಿ ಮಲಗಿದ್ರು. ಇನ್ನೂ ತಟ್ಟು, ನಿಲ್ಲಿಸಬೇಡ."

ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ತಟ್ಟಿದ.

ಮರುದಿನ ಅವನು ಬರುವಷ್ಟರಲ್ಲಿ ಭಾವ ಎಡಗೈಯಿಂದ ಮಂಚದ ಕಂಬಿ ಬಡಿಯುತ್ತಿದ್ದರು. ಮಗಳು ಕುರ್ಚಿಗೆ ಎತ್ತಿ ಕೂರಿಸಿ ಬಚ್ಚಲಿಗೆ ತಳ್ಳಿಕೊಂಡು ಬಂದಳು. ಟ್ಯಾಂಕಿನ ಪಕ್ಕದಲ್ಲಿ ಭಾವ, ಎದುರು ನಿಧಾನಪ್ಪ, ಬಾಗಿಲಲ್ಲಿ ಅಕ್ಕ ಮತ್ತು ಮಗಳು. ಎಷ್ಟೋ ಕಾಲದ ಮೇಲೆ ಕೆಲಸದ ಜಾಗದಲ್ಲಿ ಇಬ್ಬರೂ ಎದುರುಬದುರು.

"ಹೇಗಿದೆ ಭಾವ ನಮ್ಮ ಕಸುಬು? ಬಿಗಿದವರಿಗೆ ಬುದ್ಧಿ ಇರಲಿಲ್ಲ ಅನ್ಸುತ್ತೆ."

ಭಾವನ ಗಂಟಲಿನಿಂದ ಹೂಂ ಎಂಬಂತೆ ಒಂದು ಸದ್ದು ಬಂತು. ಅರ್ಧ ಮುಖ ನಕ್ಕಿತು. ಅಕ್ಕ ಸೆರಗಿನ ತುದಿ ಬಾಯಿಗೆ ಹಿಡಿದಳು.

ನಿಧಾನಪ್ಪ ಸ್ಪ್ಯಾನರ್ ತೊಡಿಸಿದ. ಹಿಡಿಗೆ ಉದ್ದನೆಯ ಕೊಳವೆ ಸಿಕ್ಕಿಸಿದ. ಮೊದಲು ಬಿಗಿಯುವ ಕಡೆಗೆ ಒತ್ತಿದ. ಏನೂ ಇಲ್ಲ. ಮತ್ತೆ ಉರಿ, ಮತ್ತೆ ತಟ್ಟುವಿಕೆ. ಬಿಚ್ಚುವ ಕಡೆಗೆ ಭಾರ ಹಾಕಿದಾಗ ಒಳಗೆಲ್ಲೋ ಕಿರ್ ಎಂದಿತು. ಅವನು ಕೊಳವೆಯನ್ನು ಅಲ್ಲಿಯೇ ಬಿಟ್ಟು ಕೈ ತೆಗೆದ.

"ಅಲುಗಿತು. ಇವತ್ತಿಗೆ ಸಾಕು. ಎಣ್ಣೆ ಬಿಟ್ಟು ಹೋಗ್ತೀನಿ, ನಾಳೆ ಬರುತ್ತೆ."

ಆಗ ಭಾವನ ಎಡಗೈ ಮೇಲೆದ್ದಿತು. ತಡವರಿಸುತ್ತ ಬಂದು ಕೊಳವೆಯ ತುದಿಯನ್ನು ಹಿಡಿಯಿತು.

"ಅಯ್ಯೋ ನೋಡೋ" ಎಂದಳು ಅಕ್ಕ, "ಅವರ ಪಾಲು ಕೇಳ್ತಿದ್ದಾರೆ!" ಎಂದು ನಕ್ಕಳು. ಆ ಮನೆಯಲ್ಲಿ ಅವಳ ನಗು ಕೇಳಿ ಬಹಳ ದಿನವಾಗಿತ್ತು. ಮಗಳೂ ನಕ್ಕಳು.

ಬೇಡ ಭಾವ ಎಂದು ಹೇಳಬಹುದಿತ್ತು. ಆ ಬೆರಳುಗಳನ್ನು ಮೆಲ್ಲಗೆ ಬಿಡಿಸಬಹುದಿತ್ತು. ಯಾವ ಮನೆಯಲ್ಲಾದರೂ, ಯಾರೇ ಆಗಿದ್ದರೂ ನಿಧಾನಪ್ಪ ಅದನ್ನೇ ಮಾಡುತ್ತಿದ್ದ. ಇಲ್ಲಿ ಅವನು ತನ್ನ ಕೈಯನ್ನು ಭಾವನ ಕೈಯ ಪಕ್ಕದಲ್ಲಿ ಇಟ್ಟ. ಸುಮ್ಮನೆ ಹಿಡಿದುಕೊಳ್ಳಲಿ, ಭಾರ ಬೀಳದ ಹಾಗೆ ತಾನು ತಡೆದುಕೊಂಡರಾಯಿತು ಎಂದು. ಆದರೆ ಅದು ಜೀವಮಾನವಿಡೀ ತಾಮ್ರ ಬಡಿದ ಮೈಯ ಕೈ. ಭಾವ ತಮ್ಮ ಮಾತು ಕೇಳುವ ಅರ್ಧ ಮೈಯನ್ನು ಪೂರ್ತಿ ಅದರ ಮೇಲೆ ಹಾಕಿದರು. ಆ ಭಾರ ತನ್ನ ಅಂಗೈಗೆ ತಿಳಿದಾಗ ನಿಧಾನಪ್ಪ ತಡೆಯಲಿಲ್ಲ. ಹಳೆಯ ದಿನಗಳಲ್ಲಿ ಹೇಗೋ ಹಾಗೆ, ಯೋಚನೆಗೆ ಮುಂಚೆಯೇ, ಅವನ ತೋಳೂ ಜೊತೆಗೂಡಿ ಎಳೆಯಿತು.

ತಿರುಗಿತು. ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು.

ಅಕ್ಕ ಚಪ್ಪಾಳೆ ತಟ್ಟಿದಳು. "ಬಂತಾ? ಬಂತಾ?"

ಬಗ್ಗಿ ನೋಡಿದವನು ನಿಧಾನಪ್ಪ ಒಬ್ಬನೇ. ಕಾಯಿಲ್ ಬಳೆಯಿಂದ ಬಿಟ್ಟಿರಲಿಲ್ಲ. ಎರಡೂ ಒಟ್ಟಿಗೇ ತಿರುಗಿದ್ದವು. ಬಳೆಯ ಸುತ್ತಲಿನ ತಾಮ್ರ ಹಿಂಡಿದ ಬಟ್ಟೆಯ ಹಾಗೆ ನಿರಿಗೆಗಟ್ಟಿ, ಒಂದು ಕಡೆ ಬಾಯಿಬಿಟ್ಟಿತ್ತು. ಅಲ್ಲಿಂದ ನೀರು ಸದ್ದಿಲ್ಲದೆ ಜಿನುಗುತ್ತಿತ್ತು. ಅವನು ಹೆಗಲ ಮೇಲಿನ ಬಟ್ಟೆ ತೆಗೆದು ಅದರ ಮೇಲೆ ಹಾಕಿದ.

"ಬಂತು ಭಾವ" ಎಂದ.

ಭಾವ ಅವನ ಮುಖವನ್ನೇ ನೋಡುತ್ತಿದ್ದರು. ಅರ್ಧ ಬಾಯಿಯ ನಗು ಹಾಗೇ ಇತ್ತು.

ಅವರನ್ನು ಒಳಗೆ ಕರೆದೊಯ್ದ ಮೇಲೆ ಅಡುಗೆಮನೆಯಲ್ಲಿ ಅಕ್ಕನಿಗೆ ಹೇಳಿದ. ಅವಳು ಚಹಾ ಸೋಸುತ್ತಿದ್ದಳು. ಸೋಸುವುದನ್ನು ಮುಗಿಸಿ ಪಾತ್ರೆ ಕೆಳಗಿಟ್ಟಳು.

"ಬೆಸೆಯೋಕಾಗಲ್ವಾ?"

"ಕಾಗದದಷ್ಟು ತೆಳ್ಳಗಾಗಿದೆ ಅಕ್ಕ. ಬೆಂಕಿ ತೋರಿಸಿದ್ರೆ ತೂತು ಇನ್ನೂ ದೊಡ್ಡದಾಗುತ್ತೆ. ಅದನ್ನ ಬೆಸೆಯೋ ಕೈ ಅಂತ ನಾನು ನೋಡಿರೋದು ಒಂದೇ."

ಇಬ್ಬರೂ ಆ ಕೋಣೆಯ ಕಡೆ ನೋಡಿದರು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

"ಅವರಿಗೆ ಗೊತ್ತಾಗಬಾರದು" ಎಂದಳು. "ತಾನೇ ಮಾಡಿದ್ದನ್ನ ತನ್ನ ಕೈಯಿಂದಲೇ ಹಾಳು ಮಾಡಿದೆ ಅಂತ ಅವರಿಗೆ ಗೊತ್ತಾಗಬಾರದು. ಏನಾದ್ರೂ ಮಾಡು."

ಅವನು ಮಾಡಿದ. ರಟ್ಟಿನ ಡಬ್ಬದ ಗೀಸರನ್ನು ಮಹಡಿಯ ಬಚ್ಚಲಿನಲ್ಲಿ ನೇತುಹಾಕಿ, ಒಂದು ರಬ್ಬರ್ ಪೈಪನ್ನು ಕಿಟಕಿಯಿಂದ ಕೆಳಗಿಳಿಸಿದ. ಬಳೆಯನ್ನು ಸುತ್ತಲೂ ಕತ್ತರಿಸಿ ಬಿಡಿಸಿ, ಹರಿದ ಬಾಯಿಯ ಅಂಚನ್ನು ನಯ ಮಾಡಿದ. ಸತ್ತ ಕಾಯಿಲನ್ನು ಬಳೆಯ ಸಮೇತ ಮತ್ತೆ ಅದೇ ಜಾಗದಲ್ಲಿ ಇಟ್ಟರೆ ನೋಡುವವರಿಗೆ ಎಲ್ಲ ಮೊದಲಿನಂತೆಯೇ. ಸಂಜೆ ಭಾವನನ್ನು ಕರೆತರುವ ಮುಂಚೆ ಕಾಯಿಲ್ ಎತ್ತಿಟ್ಟು, ಪೈಪ್ ಇಳಿಸಿ, ಬಿಸಿನೀರು ತುಂಬಿ, ಪೈಪ್ ಮೇಲೆಳೆದು, ಮುಚ್ಚುವುದು. ಟ್ಯಾಂಕು ದಿನದ ಸ್ನಾನಕ್ಕೆ ತುಂಬಿ ಖಾಲಿಯಾಗುವ ಬರೀ ಹಂಡೆಯಾಗಿತ್ತು. ಆದರೆ ತಾಮ್ರ ಬೆಚ್ಚಗಾಗುತ್ತಿತ್ತು.

ಮೊದಲ ಸಂಜೆಯೇ ಬೆರಳು ಬಿಚ್ಚಿಕೊಂಡವು. ಅಕ್ಕ ಬಾಗಿಲ ಹಿಂದೆ ನಿಂತು ಅತ್ತಳು. ಅಂದು ಭಾವ ಗಂಜಿ ಕುಡಿದರು.

ಅಲ್ಲಿಂದ ನಿಧಾನಪ್ಪನಿಗೆ ಅದೇ ದಿನಚರಿ. ಎಲ್ಲಿ ಕೆಲಸವಿದ್ದರೂ ಹೊತ್ತು ಇಳಿಯುವ ಮುಂಚೆ ಅಕ್ಕನ ಮನೆ. ಅಕ್ಕನ ಮೊಣಕಾಲಿಗೆ ಮಹಡಿ ಹತ್ತಿ ಇಳಿಯುವುದು ಆಗುತ್ತಿರಲಿಲ್ಲ. "ಏನಪ್ಪಾ, ಎಲ್ಲಿ ಹೊರಟೆ ದಿನಾ?" ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ "ಸ್ನಾನಕ್ಕೆ" ಎನ್ನುತ್ತಿದ್ದ. ಭಾವನ ಮೈ ತುಂಬದಿದ್ದರೂ ಕಣ್ಣಿಗೆ ಕಳೆ ಬಂತು. ಟ್ಯಾಂಕಿನ ಮೇಲೆ ಅಂಗೈ ಇಟ್ಟು, ಸಾಕಾದಾಗ ಹೂಂ ಎಂದು ತಲೆಯಾಡಿಸಿದರೆ ಕರೆದುಕೊಂಡು ಹೋಗಬೇಕು. ನಿಧಾನಪ್ಪನ ಕಡೆ ನೋಡಿ ದಿನವೂ ಅರ್ಧ ನಗು.

ಹೀಗಿರುವಾಗ ಒಂದು ಸಂಜೆ ಅವನು ಬರುವುದು ತಡವಾಯಿತು. ದೂರದ ಮನೆಯೊಂದರಲ್ಲಿ ನೀರಿನ ಪೈಪ್ ಒಡೆದಿತ್ತು. ಅಕ್ಕನಿಗೆ ಜ್ವರ, ಔಷಧಿ ಕುಡಿದವಳು ಹಾಗೇ ಜೋಂಪಿಗೆ ಬಿದ್ದಳು. ಮಗಳು ಆಫೀಸಿನಿಂದ ಬಂದವಳು ಅಮ್ಮನನ್ನು ಎಬ್ಬಿಸುವುದು ಬೇಡವೆಂದು, ಮಾವ ಬಂದು ತುಂಬಿಸಿ ಹೋಗಿರಬಹುದೆಂದುಕೊಂಡು, ಅಪ್ಪನನ್ನು ಬಚ್ಚಲಿಗೆ ಬಿಟ್ಟು ಬಟ್ಟೆ ಬದಲಿಸಲು ಮೇಲೆ ಹೋದಳು. ಅಕ್ಕ ಎಚ್ಚರವಾಗಿ ಓಡಿದಾಗ ಭಾವ ಟ್ಯಾಂಕಿನ ಪಕ್ಕದಲ್ಲಿ ಕುಳಿತಿದ್ದರು.

ನಿಧಾನಪ್ಪ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು.

"ತಣ್ಣಗಿನ ಟ್ಯಾಂಕಿಗೆ ಮುಷ್ಟಿ ಒತ್ತಿಕೊಂಡು ಕೂತಿದ್ರು ಕಣೋ. ದಿನಾ ಕೂರೋ ಥರಾನೇ. ನನ್ನ ನೋಡಿದ್ರು. ಎಡಗೈ ಗೆಣ್ಣಿಂದ ಟ್ಯಾಂಕನ್ನ ಒಂದ್ಸಲ ತಟ್ಟಿದ್ರು. ಖಾಲಿ ಸದ್ದು. ಅದು ಪೂರ್ತಿ ಅಡಗೋವರೆಗೂ ಕೇಳಿಸಿಕೊಂಡ್ರು. ಆಮೇಲೆ ಏನೂ ಆಗೇ ಇಲ್ಲ ಅನ್ನೋ ಥರ ಹೂಂ ಅಂದು ತಲೆ ಆಡಿಸಿದ್ರು, ಕರ್ಕೊಂಡು ಹೋಗು ಅಂತ."

ನಿಧಾನಪ್ಪ ಚೀಲ ಕೆಳಗಿಟ್ಟ.

"ಗೊತ್ತಿತ್ತಾ ಹಾಗಾದ್ರೆ?"

"ಅವತ್ತೇ ಗೊತ್ತಾಗಿರುತ್ತೆ. ತಾಮ್ರ ಹರಿದದ್ದು ಅವರ ಕೈಗೆ ತಿಳಿಯಲ್ವೇನೋ? ನಾವಿಬ್ಬರೂ ನಾಟಕ ಆಡ್ತಿದ್ವಿ, ಅವರು ಟಿಕೆಟ್ ತಗೊಂಡು ದಿನಾ ಬಂದು ಕೂರ್ತಿದ್ರು. ಕಷ್ಟಪಟ್ಟು ಆಡ್ತಿದ್ದಾರೆ, ಎದ್ದು ಹೋದ್ರೆ ನೊಂದ್ಕೋತಾರೆ ಅಂತ."

ನಿಧಾನಪ್ಪ ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತ.

"ಇನ್ನು ತುಂಬಿಸೋದು ಬೇಡವಾ ಅಕ್ಕ?"

"ನನ್ನ ಕೇಳಬೇಡ. ಅವರನ್ನ ಕೇಳು."

ಅವನು ಕೋಣೆಗೆ ಹೋದ. ಭಾವ ಎಚ್ಚರವಾಗಿದ್ದರು. ಅವನು ಕೇಳಲಿಲ್ಲ. ಹೆಗಲು ಕೊಟ್ಟು ಕುರ್ಚಿಗೆ ಇಳಿಸಿದ, ಬಚ್ಚಲಿಗೆ ತಳ್ಳಿಕೊಂಡು ಬಂದ, ಟ್ಯಾಂಕಿನ ಪಕ್ಕದಲ್ಲಿ ನಿಲ್ಲಿಸಿದ. ಅವರ ಕಣ್ಣೆದುರಿನಲ್ಲೇ ಸತ್ತ ಕಾಯಿಲನ್ನು ಬಳೆಯ ಸಮೇತ ಎತ್ತಿ ನೆಲದ ಮೇಲಿಟ್ಟ. ಹರಿದ ಬಾಯಿ ಇಬ್ಬರ ನಡುವೆ ತೆರೆದುಕೊಂಡಿತು. ಭಾವ ಎಡಗೈ ಚಾಚಿ ಅದರ ಅಂಚಿನ ಮೇಲೆ ಬೆರಳಾಡಿಸಿದರು. ಕತ್ತರಿಸಿ ನಯ ಮಾಡಿದ ಕಡೆ ಬೇಗ ಸರಿದ ಬೆರಳು ನಿರಿಗೆಯ ಹತ್ತಿರ ನಿಂತಿತು. ಅಲ್ಲಿಯೇ ಬಹಳ ಹೊತ್ತು ನಿಂತಿತು.

"ತಡೀಬೇಕಿತ್ತು ಭಾವ ನಾನು" ಎಂದ ನಿಧಾನಪ್ಪ.

ಭಾವ ಅವನ ಕಡೆ ನೋಡಲಿಲ್ಲ.

ಅವನು ಕಿಟಕಿಯಿಂದ ಪೈಪ್ ಎಳೆದು ಒಳಗೆ ಬಿಟ್ಟ. ಮೇಲೆ ಮಗಳು ನಲ್ಲಿ ತಿರುಗಿಸಿದಳು. ನೀರು ಏರುತ್ತ ಬಂತು, ಆವಿ ಎದ್ದಿತು, ಕಿಟಕಿಯ ಗಾಜು ಮಬ್ಬಾಯಿತು. ತುಂಬಿದ ಮೇಲೆ ಅವನು ಭಾವನ ಬಲಗೈಯನ್ನು ತನ್ನೆರಡೂ ಕೈಯಲ್ಲಿ ಎತ್ತಿ ಆ ಹೊಳೆಯುವ ಜಾಗಕ್ಕೆ ಇಟ್ಟು ಹಿಡಿದುಕೊಂಡು ಕುಳಿತ. ಅಕ್ಕ ಬಂದು ಬಾಗಿಲಲ್ಲಿ ನಿಂತಳು.

ತಾಮ್ರ ಚೆನ್ನಾಗಿಯೇ ಬೆಚ್ಚಗಾಗಿತ್ತು. ಕಿರುಬೆರಳು ಅಲುಗಲಿಲ್ಲ. ನಾಟಕ ಮುಗಿದದ್ದು ಆ ಕೈಗೂ ತಿಳಿದಂತಿತ್ತು. ಇನ್ನು ಸ್ವಲ್ಪ ಹೊತ್ತು ನೋಡೋಣ ಎಂದಳು ಅಕ್ಕ. ನೋಡಿದರು. ನೀರು ಆರುತ್ತ ಆರುತ್ತ ಕೈಗಿಂತ ತಣ್ಣಗಾಯಿತು. ಭಾವ ತಲೆಯಾಡಿಸಲೂ ಇಲ್ಲ, ಕರೆದುಕೊಂಡು ಹೋಗಿ ಎನ್ನಲೂ ಇಲ್ಲ. ಯಾರು ಮೊದಲು ಏಳಬೇಕೆಂದು ತಿಳಿಯದೆ ಮೂವರೂ ಅಲ್ಲಿಯೇ ಇದ್ದರು.